ಬಿಸಾಡುವ ಬ್ಲೇಡಿನ ಹಿಂದಿನ ಮುಖ

ನಮ್ಮ ಮನೆಗಳಲ್ಲಿ ಒಂದು ಬ್ಲೇಡಿಗೆ ಇರುವಷ್ಟು ಕೆಲಸ ಬೇರೆ ಯಾವ ವಸ್ತುವಿಗೂ ಇರಲಿಕ್ಕಿಲ್ಲ. ಅಪ್ಪನ ಗಡ್ಡ ತೆಗೆದು ಮೊಂಡಾದ ಮೇಲೂ ಅದಕ್ಕೆ ನಿವೃತ್ತಿ ಇಲ್ಲ. ಪೆನ್ಸಿಲ್ ಚೂಪು ಮಾಡುವುದಕ್ಕೆ ಅದು ಬೇಕು, ಅಮ್ಮನಿಗೆ ರವಿಕೆಯ ಹೊಲಿಗೆ ಬಿಚ್ಚುವುದಕ್ಕೂ ಅದೇ ಬೇಕು. ಸಲೂನ್‌ಗೆ ಹೋದರೆ ಅಲ್ಲಿಯ ಅಣ್ಣ ಹೊಸ ಬ್ಲೇಡನ್ನು ಕಾಗದದ ಸಮೇತ ನಡುವೆ ಮುರಿದು, ಅರ್ಧವನ್ನು ಹಿಡಿಕೆಗೆ ಸಿಕ್ಕಿಸಿಕೊಂಡು ಕೆಲಸ ಶುರು ಮಾಡುತ್ತಾರೆ. ಕಾಲೇಜಿಗೆ ಬಂದರೆ ಯಾರಾದರೂ ಮಾತು ಮುಗಿಸದೆ ಕೊರೆಯುತ್ತಿದ್ದರೆ ಅವರಿಗೂ ನಾವು ಇಡುವ ಹೆಸರು ಬ್ಲೇಡ್!

ಎರಡು ಅಂಚಿನ, ಎಲೆಯಷ್ಟು ತೆಳ್ಳಗಿನ ಈ ಉಕ್ಕಿನ ತುಂಡು ಎಲ್ಲಿಂದ ಬಂತು? ಯಾವ ಕಂಪನಿಯದ್ದೇ ಕೊಂಡರೂ ಅದೇ ಅಳತೆ, ಮಧ್ಯದಲ್ಲಿ ಅದೇ ಸೀಳು. ಇದರ ಮೂಲ ಹುಡುಕಿ ಹೊರಟರೆ ನಾವು ನಿಲ್ಲುವುದು ಕಿಂಗ್ ಕ್ಯಾಂಪ್ ಜಿಲೆಟ್ ಎಂಬ ಅಮೆರಿಕದ ಸೇಲ್ಸ್‌ಮನ್ ಎದುರು. ಆತ ಎಂಜಿನಿಯರ್ ಅಲ್ಲ, ಲೋಹಶಾಸ್ತ್ರ ಓದಿದವನೂ ಅಲ್ಲ. 40 ದಾಟುವವರೆಗೆ ಊರೂರು ತಿರುಗಿ ಬೇರೆಯವರ ಸರಕು ಮಾರಿ ಹೊಟ್ಟೆ ಹೊರೆದವನು. ಹಣಕ್ಕಾಗಿ ಮನುಷ್ಯರು ಮಾಡುವ ಪೈಪೋಟಿಯನ್ನು ಮನಸಾರೆ ದ್ವೇಷಿಸಿದವನು. ಅಂಥವನ ಹೆಸರು ಪೈಪೋಟಿಯ ಜಗತ್ತಿನ ದೊಡ್ಡ ಬ್ರ್ಯಾಂಡ್‌ಗಳಲ್ಲಿ ಒಂದಾಗಿ ಉಳಿಯಿತು. ಆತನ ಬದುಕನ್ನು ಓದುವಾಗ ನನಗೆ ಅತಿ ಹೆಚ್ಚು ಕಾಡಿದ್ದು ಈ ವಿರೋಧವೇ.

ಬೆಂಕಿ ಕಸಿದ ಅಂಗಡಿ

ಜಿಲೆಟ್ ಹುಟ್ಟಿದ್ದು 1855ರ ಜನವರಿ 5ರಂದು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಫಾಂಡ್ ಡು ಲ್ಯಾಕ್ ಎಂಬ ಊರಿನಲ್ಲಿ. ಮಗುವಾಗಿದ್ದಾಗಲೇ ಮನೆಯವರು ಶಿಕಾಗೊ ಸೇರಿದರು. ಅಪ್ಪನಿಗೆ ಹಾರ್ಡ್‌ವೇರ್ ವ್ಯಾಪಾರ. ಜೊತೆಗೆ ಏನಾದರೊಂದು ಹೊಸ ಉಪಕರಣ ಮಾಡಿ ನೋಡುವ ಹುಚ್ಚು. ಅಮ್ಮ ಫ್ಯಾನಿ ಅಡುಗೆಯಲ್ಲಿ ಪ್ರಯೋಗ ಮಾಡಿ ಬರೆದಿಡುತ್ತಿದ್ದಾಕೆ. ಮುಂದೆ 1887ರಲ್ಲಿ ಆಕೆಯ 'ವೈಟ್ ಹೌಸ್ ಕುಕ್ ಬುಕ್' ಪ್ರಕಟವಾಗಿ, ತಲೆಮಾರುಗಳ ಕಾಲ ಅಮೆರಿಕದ ಅಡುಗೆಮನೆಗಳಲ್ಲಿ ಉಳಿಯಿತು. ಒಟ್ಟಿನಲ್ಲಿ ಇರುವುದನ್ನು ಬಿಚ್ಚಿ, ಮತ್ತೆ ಜೋಡಿಸಿ, ಇನ್ನೂ ಚೆನ್ನಾಗಿ ಮಾಡಬಹುದಾ ಎಂದು ನೋಡುವ ಮನೆ ಅದು.

1871ರ ಅಕ್ಟೋಬರ್‌ನಲ್ಲಿ ಶಿಕಾಗೊ ನಗರಕ್ಕೆ ಬೆಂಕಿ ಬಿತ್ತು. ಇತಿಹಾಸದಲ್ಲಿ ದಾಖಲಾದ ಆ ಮಹಾ ಅಗ್ನಿ ದುರಂತದಲ್ಲಿ ಜಿಲೆಟ್ ಕುಟುಂಬದ ವ್ಯಾಪಾರವೂ ಬೂದಿಯಾಯಿತು. ಕಿಂಗ್‌ಗೆ ಆಗ 16 ವರ್ಷ. ನಾವು ಪಿಯುಸಿಯಲ್ಲಿ ಸಿಇಟಿ ರ‍್ಯಾಂಕಿಂಗ್ ಬಗ್ಗೆ ತಲೆ ಕೆಡಿಸಿಕೊಳ್ಳುವ ವಯಸ್ಸಿನಲ್ಲಿ ಆತ ಓದು ಬಿಟ್ಟು ಕೆಲಸ ಹುಡುಕಬೇಕಾಯಿತು. ಮೊದಲು ಹಾರ್ಡ್‌ವೇರ್ ಅಂಗಡಿಯಲ್ಲಿ ಗುಮಾಸ್ತ, ಆಮೇಲೆ ಊರೂರು ಸುತ್ತುವ ಸೇಲ್ಸ್‌ಮನ್.

ಸೇಲ್ಸ್ ಕೆಲಸ ಎಂದರೆ ಈಗಲೂ ನಮ್ಮಲ್ಲಿ ಬೇರೇನೂ ಸಿಗದಿದ್ದಾಗ ಮಾಡುವ ಕೆಲಸ ಎಂಬ ಭಾವನೆ ಇದೆ. ಜಿಲೆಟ್‌ಗೆ ಮಾತ್ರ ಅದೇ ಕಾಲೇಜಾಯಿತು. ಜನ ಏನು ಕೊಳ್ಳುತ್ತಾರೆ, ಕೊಂಡದ್ದನ್ನು ಯಾವಾಗ ಬಿಸಾಡುತ್ತಾರೆ, ಅಂಗಡಿಯವನು ಯಾವ ಮಾಲನ್ನು ಕಣ್ಣಿಗೆ ಕಾಣುವ ಕಡೆ ಇಡುತ್ತಾನೆ ಎನ್ನುವುದೆಲ್ಲ ಆತ ಕಲಿತದ್ದು ರೈಲು ನಿಲ್ದಾಣಗಳಲ್ಲಿ, ಹೋಟೆಲ್ ಕೋಣೆಗಳಲ್ಲಿ. ಬಿಡುವಿನಲ್ಲಿ ಅಪ್ಪನ ಹುಚ್ಚು ಮಗನಿಗೂ ಹತ್ತಿತ್ತು. 1890ರ ಹೊತ್ತಿಗೆ ಆತನ ಕೈಯಲ್ಲಿ ನಾಲ್ಕು ಪೇಟೆಂಟ್‌ಗಳಿದ್ದವು. ಒಂದರಿಂದಲೂ ಹೇಳಿಕೊಳ್ಳುವಂಥ ದುಡ್ಡು ಹುಟ್ಟಲಿಲ್ಲ. ಅದೇ ವರ್ಷ ಅಲಾಂಟಾ ಗೇನ್ಸ್ ಎಂಬಾಕೆಯೊಂದಿಗೆ ಮದುವೆಯಾಯಿತು. ಮುಂದೆ ಒಬ್ಬ ಮಗ ಹುಟ್ಟಿದ. ಸಂಸಾರ ದೊಡ್ಡದಾಯಿತು, ಕೆಲಸ ಮಾತ್ರ ಅದೇ ಸೂಟ್‌ಕೇಸ್ ಹಿಡಿದು ತಿರುಗುವುದು.

ಬಾಟಲಿ ಮುಚ್ಚಳ ಕಲಿಸಿದ ಪಾಠ

1890ರ ದಶಕದ ಆರಂಭದಲ್ಲಿ ಜಿಲೆಟ್ ಸೇರಿದ್ದು ಬಾಟಲಿ ಮುಚ್ಚಳ ಮಾಡುವ ಕಂಪನಿಯೊಂದಕ್ಕೆ. ಸೋಡಾ, ತಂಪು ಪಾನೀಯದ ಗಾಜಿನ ಬಾಟಲಿಗೆ ಸುತ್ತಲೂ ಹಲ್ಲು ಹಲ್ಲಾಗಿರುವ ಲೋಹದ ಮುಚ್ಚಳ ಇರುತ್ತದಲ್ಲ, ಅದನ್ನು ಕಂಡುಹಿಡಿದ ವಿಲಿಯಂ ಪೇಂಟರ್ ಎಂಬಾತನದೇ ಆ ಕಂಪನಿ. ತಗಡಿನ ಬಿಲ್ಲೆ, ಒಳಗೆ ತೆಳುವಾದ ಕಾರ್ಕ್. ಓಪನರ್‌ನಿಂದ ತೆಗೆದರೆ ಟಕ್ ಎಂದು ಹಾರುತ್ತದೆ, ಅಲ್ಲಿಗೆ ಅದರ ಆಯಸ್ಸು ಮುಗಿಯಿತು. ಮತ್ತೊಂದು ಬಾಟಲಿಗೆ ಮತ್ತೊಂದು ಮುಚ್ಚಳವೇ ಬೇಕು. ಇಷ್ಟು ಸಣ್ಣ ವಸ್ತುವಿನಿಂದ ಪೇಂಟರ್ ಶ್ರೀಮಂತನಾಗಿದ್ದ.

ಇಬ್ಬರಿಗೂ ಸ್ನೇಹ ಬೆಳೆಯಿತು. ಹೊಸದನ್ನು ಕಂಡುಹಿಡಿಯುವ ಹಂಬಲದ ಈ ಸೇಲ್ಸ್‌ಮನ್‌ಗೆ ಪೇಂಟರ್ ಒಂದು ಸಲಹೆ ಕೊಟ್ಟ. ಜನ ಒಮ್ಮೆ ಬಳಸಿ ಎಸೆದು, ಮತ್ತೆ ಕೊಳ್ಳಲೇಬೇಕಾದಂಥದ್ದನ್ನು ಯೋಚಿಸು ಎಂಬುದು ಅದರ ಸಾರ. ಜಿಲೆಟ್ ತಲೆಗೆ ಇದು ಹುಳ ಬಿಟ್ಟಂತಾಯಿತು. ಇಂಗ್ಲಿಷ್ ವರ್ಣಮಾಲೆಯ ಒಂದೊಂದೇ ಅಕ್ಷರ ಹಿಡಿದು, ಅದರಿಂದ ಶುರುವಾಗುವ ವಸ್ತುಗಳನ್ನೆಲ್ಲ ಪಟ್ಟಿ ಮಾಡುತ್ತ ಕೂರುತ್ತಿದ್ದನಂತೆ. ಸ್ಟಾರ್ಟಪ್ ಐಡಿಯಾ ಹುಡುಕುತ್ತ ಹಾಸ್ಟೆಲ್ ತಾರಸಿಯಲ್ಲಿ ರಾತ್ರಿ ಕಳೆಯುವವರಿಗೆ ಈ ಪಾಡು ಚೆನ್ನಾಗಿ ಅರ್ಥವಾಗುತ್ತದೆ.

ಇದೇ ಸಮಯದಲ್ಲಿ ಆತನ ತಲೆಯೊಳಗೆ ಇನ್ನೊಂದು ಲೋಕವೂ ಓಡುತ್ತಿತ್ತು. 1894ರಲ್ಲಿ ಆತ 'ದಿ ಹ್ಯೂಮನ್ ಡ್ರಿಫ್ಟ್' ಎಂಬ ಪುಸ್ತಕ ಪ್ರಕಟಿಸಿದ. ಜಗತ್ತಿನ ಕಷ್ಟಗಳಿಗೆಲ್ಲ ಪೈಪೋಟಿಯೇ ಮೂಲ ಎಂಬುದು ಅದರ ವಾದ. ಒಂದೇ ಊರಿನಲ್ಲಿ ಒಂದೇ ಮಾಲು ಮಾರಲು ಹತ್ತು ಅಂಗಡಿ, ಹತ್ತು ಕಂಪನಿ, ಹತ್ತು ಸೇಲ್ಸ್‌ಮನ್‌ಗಳು ಯಾಕೆ? ಅದರ ಬದಲು ಜನರೇ ಒಡೆಯರಾಗಿರುವ ಒಂದೇ ಒಂದು ಮಹಾ ಕಂಪನಿ ಎಲ್ಲವನ್ನೂ ತಯಾರಿಸಲಿ. ನಯಾಗರ ಜಲಪಾತದ ಹತ್ತಿರ ಮೆಟ್ರೊಪೊಲಿಸ್ ಎಂಬ ಒಂದೇ ಬೃಹತ್ ನಗರ ಕಟ್ಟಿ, ಕೋಟ್ಯಂತರ ಜನ ಅಲ್ಲಿಯೇ ದುಂಡನೆಯ ಎತ್ತರದ ಕಟ್ಟಡಗಳಲ್ಲಿ ವಾಸಿಸಲಿ. ಜಲಪಾತದ ವಿದ್ಯುತ್ತಿನಿಂದಲೇ ಇಡೀ ನಗರ ನಡೆಯಲಿ. ಹಗಲು ಬೇರೆಯವರ ಮುಚ್ಚಳ ಮಾರಿ, ರಾತ್ರಿ ಮಾರಾಟವೇ ಬೇಡದ ಜಗತ್ತನ್ನು ಬರೆದವನ ಮನಸ್ಸು ಹೇಗಿದ್ದಿರಬಹುದು ಯೋಚಿಸಿ! ಪುಸ್ತಕ ಹೊರಬಂತು, ನಗರ ಎದ್ದೇಳಲಿಲ್ಲ.

ಆಗಿನ ಕ್ಷೌರ ಎಂಬ ಸಾಹಸ

ಜಿಲೆಟ್ ಮಾಡಿದ್ದು ಏನು ಎಂದು ತಿಳಿಯಬೇಕಾದರೆ ಆಗ ಗಡಸು ಗಡ್ಡದವರ ಬೆಳಗು ಹೇಗಿರುತ್ತಿತ್ತು ಎಂದು ತಿಳಿಯಬೇಕು. ಬ್ರಶ್, ಸೋಪು, ಬಿಸಿನೀರು ಈಗಿನಂತೆ ಆಗಲೂ ಇದ್ದವು. ನೀರು ಕುಡಿದ ಕೂದಲು ಮೆತ್ತಗಾಗಿ ಸುಲಭವಾಗಿ ಕತ್ತರಿಸುತ್ತದೆ. ಸೋಪಿನ ನೊರೆ ಆ ನೀರನ್ನು ಮುಖದ ಮೇಲೆ ಹಿಡಿದಿಡುತ್ತದೆ, ಅಲಗು ಜಾರಲು ಸಹಾಯ ಮಾಡುತ್ತದೆ. ತೊಂದರೆ ಇದ್ದದ್ದು ಕತ್ತಿಯಲ್ಲಿ. ಉದ್ದನೆಯ, ಮಡಚುವ ಆ ಕ್ಷೌರದ ಕತ್ತಿಯನ್ನು ಪ್ರತಿ ಸಲವೂ ಚರ್ಮದ ಪಟ್ಟಿಗೆ ಉಜ್ಜಿ ಹದ ಮಾಡಿಕೊಳ್ಳಬೇಕು. ಆಗಾಗ ಸಾಣೆ ಹಿಡಿಸಬೇಕು. ಕೈ ಒಂದಿಷ್ಟು ಅಲುಗಿದರೂ ರಕ್ತ. ಓಡುವ ರೈಲಿನಲ್ಲಿ ದಿನ ಕಳೆಯುವ ಸೇಲ್ಸ್‌ಮನ್‌ಗೆ ಇದು ಇನ್ನೂ ಕಷ್ಟ.

ಚರ್ಮ ಕೊಯ್ಯದ ಸುರಕ್ಷಿತ ರೇಜರ್‌ನ ಯೋಚನೆಯೂ ಜಿಲೆಟ್‌ನದ್ದಲ್ಲ. 18ನೇ ಶತಮಾನದಲ್ಲೇ ಪ್ಯಾರಿಸ್‌ನ ಝಾನ್ ಝಾಕ್ ಪೆರೆ ಎಂಬ ಕತ್ತಿ ಕುಶಲಕರ್ಮಿ ಅಲಗಿಗೆ ಮರದ ಕಾವಲು ಕಟ್ಟಿದ್ದ. 1880ರಲ್ಲಿ ನ್ಯೂಯಾರ್ಕಿನ ಕಾಂಫೆ ಸಹೋದರರು ಹಿಡಿಕೆಗೆ ಅಡ್ಡಲಾಗಿ ಅಲಗು ಕೂರುವ ರೇಜರ್‌ಗೆ ಪೇಟೆಂಟ್ ಪಡೆದಿದ್ದರು. ಸ್ಟಾರ್ ಹೆಸರಿನ ಆ ರೇಜರ್ ಮಾರುಕಟ್ಟೆಯಲ್ಲೂ ಇತ್ತು. ಜಿಲೆಟ್ ಕೂಡ ಅಂಥದ್ದನ್ನೇ ಬಳಸುತ್ತಿದ್ದ. ಆದರೆ ಅದರ ಅಲಗು ಹಳೆಯ ಕತ್ತಿಯ ಒಂದು ಗಿಡ್ಡ ತುಂಡಿನಂತೆ ದಪ್ಪಗಿತ್ತು. ಅದನ್ನೂ ಮಸೆಯಲೇಬೇಕಿತ್ತು.

1895ರ ಒಂದು ಬೆಳಗ್ಗೆ, ಬಾಸ್ಟನ್ ಪಕ್ಕದ ಬ್ರೂಕ್‌ಲೈನ್‌ನ ಮನೆಯಲ್ಲಿ ಜಿಲೆಟ್ ಗಡ್ಡ ತೆಗೆಯಲು ನಿಂತ. ಅಲಗು ಮೊಂಡಾಗಿತ್ತು. ಪಟ್ಟಿಗೆ ಉಜ್ಜಿದರೆ ಸರಿಹೋಗದಷ್ಟು ಮೊಂಡು, ಸಾಣೆಗೇ ಕೊಡಬೇಕು. ಕತ್ತಿ ಕೈಯಲ್ಲಿ ಹಿಡಿದು ನಿಂತವನಿಗೆ ಒಂದು ಪ್ರಶ್ನೆ ಎದುರಾಯಿತು. ಕೂದಲು ಕತ್ತರಿಸುವುದು ಅಂಚು ಮಾತ್ರ. ಆ ಅಂಚನ್ನು ಹಿಡಿದಿಡಲು ಇಷ್ಟು ದಪ್ಪ ಉಕ್ಕು ಯಾಕೆ? ತೆಳ್ಳನೆಯ ತಗಡಿಗೆ ಎರಡೂ ಕಡೆ ಅಂಚು ಕೊಟ್ಟು, ಬಲವನ್ನು ಹಿಡಿಕೆಯಿಂದ ಒದಗಿಸಿದರೆ? ಮೊಂಡಾದಾಗ ಮಸೆಯುವ ಬದಲು ಬಿಸಾಡಿದರೆ? ಪೇಂಟರ್ ಹೇಳಿದ ಬಿಸಾಡುವ ವಸ್ತು ಕನ್ನಡಿಯ ಎದುರಲ್ಲೇ ಇತ್ತು.

ಆತ ಅಂಗಡಿಗೆ ಓಡಿದ. ಹಿತ್ತಾಳೆಯ ತುಂಡು, ಗಡಿಯಾರದ ಸ್ಪ್ರಿಂಗ್‌ಗೆ ಬಳಸುವ ಉಕ್ಕಿನ ಪಟ್ಟಿ, ಸಣ್ಣ ವೈಸ್, ಅರಗಳನ್ನು ತಂದು ಮೊದಲ ಮಾದರಿ ಮಾಡಿಕೊಂಡ. ಊರಲ್ಲಿಲ್ಲದ ಹೆಂಡತಿಗೆ ಪತ್ರ ಬರೆದು, ನಮ್ಮ ಕಷ್ಟ ಕಳೆಯಿತು, ಇನ್ನು ಶ್ರೀಮಂತರಾದಂತೆಯೇ ಎಂದು ತಿಳಿಸಿದ. ವಯಸ್ಸು ಆಗ 40.

ಆಗದು ಎಂದವರು, ಮಾಡಿ ತೋರಿಸಿದವನು

ಕಷ್ಟ ಕಳೆದಿರಲಿಲ್ಲ, ಶುರುವಾಗಿತ್ತು. ಆತನ ಐಡಿಯಾ ಕೇಳಿದ ಲೋಹ ತಜ್ಞರು, ಉಪಕರಣ ತಯಾರಕರು ಎಲ್ಲರದೂ ಒಂದೇ ಉತ್ತರ. ಅಷ್ಟು ತೆಳ್ಳನೆಯ ಉಕ್ಕಿಗೆ ಕ್ಷೌರಕ್ಕೆ ಬೇಕಾದ ಅಂಚು ಕೊಡಲಾಗದು, ಕೊಟ್ಟರೂ ಅಗ್ಗವಾಗಿ ಮಾಡಲಾಗದು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಕಡೆಯವರೂ ಭರವಸೆ ಕೊಡಲಿಲ್ಲ. ತಾನು ತಂತ್ರಜ್ಞಾನ ಓದಿದ್ದರೆ ಅಂದೇ ಕೈಬಿಡುತ್ತಿದ್ದೆ ಎಂಬ ಅರ್ಥದ ಮಾತನ್ನು ಜಿಲೆಟ್ ಮುಂದೆ ಆಡಿದ್ದುಂಟು. ಬಿಇ ಓದುತ್ತಿರುವ ನಮಗೆ ಇದು ಸ್ವಲ್ಪ ಚುಚ್ಚುತ್ತದೆ. ಆದರೆ ಆ ತಜ್ಞರು ದಡ್ಡರಲ್ಲ, ಅವರ ಅನುಮಾನಕ್ಕೆ ಕಾರಣವಿತ್ತು.

ಮೆಟೀರಿಯಲ್ ಸೈನ್ಸ್ ತರಗತಿಯಲ್ಲಿ ನಾವು ಓದುವ ವಿಷಯವೇ ಇದು. ಉಕ್ಕು ಗಟ್ಟಿಯಾಗಬೇಕಾದರೆ ಅದನ್ನು ಕೆಂಪಗೆ ಕಾಯಿಸಿ ತಟ್ಟನೆ ತಣಿಸಬೇಕು. ದಪ್ಪ ಕತ್ತಿ ಈ ಏಟು ತಡೆದುಕೊಳ್ಳುತ್ತದೆ. ಸುಮಾರು 0.15 ಮಿಲಿಮೀಟರ್ ದಪ್ಪದ ತಗಡು ತಡೆದುಕೊಳ್ಳುವುದಿಲ್ಲ, ಎಣ್ಣೆಗೆ ಬಿದ್ದ ಹಪ್ಪಳದಂತೆ ಸೊಟ್ಟಗಾಗುತ್ತದೆ. ಸೊಟ್ಟಗಾದ ತಗಡಿಗೆ ನೇರ ಅಂಚು ಹೇಗೆ ಕೊಡುವುದು? ಹೆಚ್ಚು ಗಟ್ಟಿ ಮಾಡಿದರೆ ಮುರಿಯುತ್ತದೆ, ಕಡಿಮೆ ಮಾಡಿದರೆ ಎರಡನೇ ದಿನವೇ ಮೊಂಡು. ಒಂದು ಬ್ಲೇಡ್ ಕೈಯಲ್ಲಿ ಮಾಡಬಹುದು. ಲಕ್ಷಗಟ್ಟಲೆ ಬ್ಲೇಡ್ ಒಂದೇ ಸಮನಾಗಿ, ಬಿಸಾಡುವಷ್ಟು ಅಗ್ಗವಾಗಿ ಮಾಡುವುದೇ ನಿಜವಾದ ಸವಾಲು.

ಆರು ವರ್ಷ ಹೀಗೇ ಕಳೆಯಿತು. ಹೊಟ್ಟೆಪಾಡಿಗೆ ಮುಚ್ಚಳದ ಕೆಲಸ, ಉಳಿದ ಸಮಯಕ್ಕೆ ಬ್ಲೇಡಿನ ಹುಚ್ಚು. ಗೆಳೆಯರಿಗೆ ಅದೊಂದು ತಮಾಷೆಯ ವಿಷಯವಾಗಿತ್ತು. ಕೊನೆಗೆ 1901ರಲ್ಲಿ ಕೆಲವು ಗೆಳೆಯರ ಮೂಲಕ ವಿಲಿಯಂ ನಿಕರ್ಸನ್ ಸಿಕ್ಕಿದ. ಈತ ಆಗದು ಎಂದಿದ್ದ ಅದೇ ಸಂಸ್ಥೆಯಲ್ಲಿ ಓದಿದವನು, ಯಂತ್ರಗಳ ಮರ್ಮ ಬಲ್ಲವನು. ಮೊದಲಿಗೆ ಅವನಿಗೂ ನಂಬಿಕೆ ಬರಲಿಲ್ಲ. ಕೆಲವು ವಾರ ಯೋಚಿಸಿದ ಮೇಲೆ, ಇದಕ್ಕೆ ಬೇಕಾದ ಯಂತ್ರಗಳನ್ನು ತಾನೇ ಕಟ್ಟಬಲ್ಲೆ ಎಂದು ಒಪ್ಪಿಕೊಂಡ. ತಗಡು ಬಾಗದಂತೆ ಹಿಡಿದಿಟ್ಟು ಹದಗೊಳಿಸುವ ವಿಧಾನ, ಅಂಚುಗಳನ್ನು ಯಂತ್ರದಿಂದಲೇ ಮಸೆಯುವ ವ್ಯವಸ್ಥೆ ಅವನ ಕೈಯಿಂದ ಹೊರಬಂದವು.

ರೇಜರ್‌ನ ವಿನ್ಯಾಸವೂ ಅಷ್ಟೇ ಚಂದ. ಮೂರು ತೂತುಗಳ ಚಪ್ಪಟೆ ಬ್ಲೇಡನ್ನು ಬಾಗಿದ ತಲೆ ಮತ್ತು ಹಲ್ಲುಗಳಿರುವ ತಳದ ನಡುವೆ ಇಟ್ಟು ಹಿಡಿಕೆ ತಿರುಗಿಸಿದರೆ ಬ್ಲೇಡ್ ಬಿಲ್ಲಿನಂತೆ ಬಾಗುತ್ತದೆ. ಕಾಗದವನ್ನು ಹಾಗೇ ಹಿಡಿದರೆ ಜೋಲುತ್ತದೆ, ಸ್ವಲ್ಪ ಬಾಗಿಸಿ ಹಿಡಿದರೆ ನೆಟ್ಟಗೆ ನಿಲ್ಲುತ್ತದಲ್ಲ, ಅದೇ ತತ್ವ. ತಾನಾಗಿ ಬಲವಿಲ್ಲದ ತಗಡಿಗೆ ಬಾಗುವಿಕೆಯೇ ಬಲ ಕೊಟ್ಟಿತು.

1901ರ ಸೆಪ್ಟೆಂಬರ್‌ನಲ್ಲಿ ಬಾಸ್ಟನ್‌ನಲ್ಲಿ ಕಂಪನಿ ಶುರುವಾಯಿತು. ಮರುವರ್ಷ ಅದಕ್ಕೆ ಜಿಲೆಟ್ ಹೆಸರನ್ನೇ ಇಟ್ಟರು. ಅದರ ಹಿಂದೊಂದು ತಮಾಷೆಯ ಮಾತಿದೆ. ಇಂಗ್ಲಿಷಿನಲ್ಲಿ ನಿಕ್ ಎಂದರೆ ಚರ್ಮಕ್ಕಾಗುವ ಸಣ್ಣ ಗಾಯ. ರೇಜರ್‌ಗೆ ನಿಕರ್ಸನ್ ಎಂದು ಹೆಸರಿಟ್ಟರೆ ಯಾರು ತಾನೇ ಕೊಳ್ಳುತ್ತಾರೆ! ಹಾಗಾಗಿ ಜಗತ್ತಿಗೆ ಒಬ್ಬನ ಹೆಸರು ಗೊತ್ತಾಯಿತು, ಯಂತ್ರ ಕಟ್ಟಿದವನ ಹೆಸರು ಮರೆಗೆ ಸರಿಯಿತು. ಪ್ರಾಜೆಕ್ಟ್‌ನಲ್ಲಿ ಕೋಡ್ ಬರೆಯುವವನೊಬ್ಬ, ಪ್ರೆಸೆಂಟೇಷನ್ ಕೊಡುವವನೊಬ್ಬ ಎಂಬುದು ಇಂದಿನ ಕಥೆಯೇನಲ್ಲ.

51 ರೇಜರ್, 168 ಬ್ಲೇಡ್

1903ರಲ್ಲಿ ಮಾರಾಟ ಶುರುವಾಯಿತು. ಇಡೀ ವರ್ಷದಲ್ಲಿ ಹೋದದ್ದು 51 ರೇಜರ್, 168 ಬ್ಲೇಡ್. ನಮ್ಮ ಒಂದು ತರಗತಿಯಲ್ಲಿರುವ ಹುಡುಗ ಹುಡುಗಿಯರ ಸಂಖ್ಯೆಗಿಂತಲೂ ಕಡಿಮೆ ಗ್ರಾಹಕರು! ಎಂಟು ವರ್ಷ ಕಾದದ್ದು ಇದಕ್ಕಾ ಎಂದು ಯಾರಿಗಾದರೂ ಅನಿಸಬೇಕು. ಕಂಪನಿ ಸಾಲದಲ್ಲಿತ್ತು. ಬಾಸ್ಟನ್‌ನ ಹಣವಂತ ಜಾನ್ ಜಾಯ್ಸ್ ದುಡ್ಡು ಹಾಕಿ ಅದನ್ನು ಉಳಿಸಿದ್ದ. ಜಿಲೆಟ್ ಇನ್ನೂ ಮುಚ್ಚಳದ ಕಂಪನಿಯ ಸಂಬಳದ ಮೇಲೇ ಬದುಕುತ್ತಿದ್ದ. ಅದೇ ಕಂಪನಿಯ ಕೆಲಸದ ಮೇಲೆ ಲಂಡನ್‌ಗೂ ಹೋಗಬೇಕಾಯಿತು.

ಮರುವರ್ಷ, 1904ರಲ್ಲಿ ಮಾರಾಟವಾದ ರೇಜರ್‌ಗಳ ಸಂಖ್ಯೆ 90 ಸಾವಿರ ದಾಟಿತು. ಆ ವರ್ಷದ ನವೆಂಬರ್ 15ರಂದು 775,134 ಸಂಖ್ಯೆಯ ಪೇಟೆಂಟ್ ಕೈಗೆ ಬಂತು. ಹೊರದೇಶಗಳ ಹಕ್ಕನ್ನು ಮಾರಿಬಿಡಲು ಕಂಪನಿಯವರು ಹೊರಟಿದ್ದಾರೆಂಬ ಸುದ್ದಿ ತಿಳಿದು ಜಿಲೆಟ್ ಲಂಡನ್‌ನಿಂದ ಹಿಂದಿರುಗಿದ, ಆ ಮಾರಾಟ ತಡೆದ. ಅದು ಒಳ್ಳೆಯದೇ ಆಯಿತು. 1908ರ ಹೊತ್ತಿಗೆ ಅಮೆರಿಕದ ಜೊತೆಗೆ ಕೆನಡಾ, ಬ್ರಿಟನ್, ಫ್ರಾನ್ಸ್, ಜರ್ಮನಿಗಳಲ್ಲೂ ಕಾರ್ಖಾನೆಗಳಿದ್ದವು. 1915ರಲ್ಲಿ ಒಂದೇ ವರ್ಷ ಮಾರಾಟವಾದದ್ದು ಸುಮಾರು 4.5 ಲಕ್ಷ ರೇಜರ್, 7 ಕೋಟಿಗೂ ಹೆಚ್ಚು ಬ್ಲೇಡ್. 168ರಿಂದ 7 ಕೋಟಿಗೆ 12 ವರ್ಷ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಎಂಬಿಎ ಓದುವವರು, ಸ್ಟಾರ್ಟಪ್ ಭಾಷಣಕಾರರು ಒಂದು ಕಥೆಯನ್ನು ಪದೇ ಪದೇ ಹೇಳುತ್ತಾರೆ. ಜಿಲೆಟ್ ರೇಜರನ್ನು ಪುಕ್ಕಟೆಯಂತೆ ಕೊಟ್ಟು, ಬ್ಲೇಡಿನಲ್ಲಿ ದುಡ್ಡು ಮಾಡಿದ ಎಂದು. ಪ್ರಿಂಟರ್ ಅಗ್ಗ, ಇಂಕ್ ದುಬಾರಿ ಎನ್ನುವ ಲೆಕ್ಕಕ್ಕೆ ಇದನ್ನೇ ಉದಾಹರಣೆ ಕೊಡುತ್ತಾರೆ. ಆದರೆ ಪೇಟೆಂಟ್ ಇದ್ದ ಅಷ್ಟೂ ವರ್ಷ ಜಿಲೆಟ್ ರೇಜರ್ ಬೆಲೆ 5 ಡಾಲರ್. ಅದು ಆಗಿನ ಸಾಮಾನ್ಯ ಕೆಲಸಗಾರನ ಸುಮಾರು ಅರ್ಧ ವಾರದ ಕೂಲಿ! ಬೇರೆ ಕಂಪನಿಗಳ ರೇಜರ್ 1 ಡಾಲರಿಗೇ ಸಿಗುತ್ತಿದ್ದ ಕಾಲದಲ್ಲೂ ಇದು ದುಬಾರಿ ಸರಕಾಗಿಯೇ ಉಳಿದಿತ್ತು. ಬೆಲೆ ಇಳಿದದ್ದು 1921ರಲ್ಲಿ ಪೇಟೆಂಟ್ ಅವಧಿ ಮುಗಿದು, ಯಾರು ಬೇಕಾದರೂ ಅಂಥದ್ದನ್ನು ಮಾಡಬಹುದು ಎಂದಾದಾಗ. ಆಗ ಸುಧಾರಿತ ರೇಜರನ್ನು 5 ಡಾಲರಿಗೇ ಇಟ್ಟು, ಹಳೆಯ ಮಾದರಿಯನ್ನು 1 ಡಾಲರಿಗೆ ಬಿಟ್ಟರು. ಸೆಮಿನಾರ್‌ನಲ್ಲಿ ಕೇಳಿದ ಕಥೆಯನ್ನೆಲ್ಲ ಇಂಟರ್‌ವ್ಯೂನಲ್ಲಿ ಒಪ್ಪಿಸುವ ಮೊದಲು ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಮುಖ ಉಳಿಯಿತು, ಹಿಡಿತ ಹೋಯಿತು

ಪ್ರತಿ ಬ್ಲೇಡಿನ ಕಾಗದದ ಮೇಲೂ ಜಿಲೆಟ್‌ನ ಚಿತ್ರವಿತ್ತು. ದಪ್ಪ ಮೀಸೆ, ಬಾಚಿದ ತಲೆ, ಗಂಭೀರ ಕಣ್ಣು. ಟಿವಿ, ಮೊಬೈಲ್ ಇಲ್ಲದ ಆ ಕಾಲದಲ್ಲಿ ಜಗತ್ತಿನ ಅತ್ಯಂತ ಪರಿಚಿತ ಮುಖಗಳಲ್ಲಿ ಅದೂ ಒಂದಾಯಿತು. ಹೊರದೇಶಕ್ಕೆ ಹೋದರೆ ಭಾಷೆ ಬಾರದ ಜನ ಕೆನ್ನೆಯ ಮೇಲೆ ಬೆರಳು ಎಳೆದು ತೋರಿಸಿ ಗುರುತು ಹಿಡಿಯುತ್ತಿದ್ದರಂತೆ.

ಕಾಗದದ ಮೇಲಿನ ಮುಖಕ್ಕೆ ಕಂಪನಿಯ ಒಳಗೆ ಅಷ್ಟು ಬೆಲೆ ಇರಲಿಲ್ಲ. ಜಾಯ್ಸ್ ಮತ್ತು ಜಿಲೆಟ್ ನಡುವೆ ಹಿಡಿತಕ್ಕಾಗಿ ಜಗ್ಗಾಟ ನಡೆದೇ ಇತ್ತು. 1910ರಲ್ಲಿ ಜಿಲೆಟ್ ತನ್ನ ಪಾಲಿನ ಬಹುಭಾಗವನ್ನು ಜಾಯ್ಸ್‌ಗೆ ಮಾರಿದ. ಅಧ್ಯಕ್ಷ ಎಂಬ ಹೆಸರು ಉಳಿಯಿತು, ತೀರ್ಮಾನಿಸುವ ಅಧಿಕಾರ ಹೋಯಿತು. ದುಡ್ಡು ಮಾತ್ರ ಕೈತುಂಬ ಬಂತು.

ಆ ದುಡ್ಡಿನೊಂದಿಗೆ ಆತ ಹಳೆಯ ಕನಸಿಗೇ ಮರಳಿದ. ಅದೇ ವರ್ಷ ಎಲ್ಲ ಉದ್ಯಮಗಳನ್ನೂ ಒಳಗೊಳ್ಳುವ ವಿಶ್ವ ಕಂಪನಿಯೊಂದರ ಯೋಜನೆ ಹಾಕಿ ಪುಸ್ತಕ ಬರೆದ. ಅದರ ಅಧ್ಯಕ್ಷರಾಗಿ ಎಂದು ಮಾಜಿ ರಾಷ್ಟ್ರಾಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ಗೆ 10 ಲಕ್ಷ ಡಾಲರ್ ಕೊಡಲು ಮುಂದಾದ. ರೂಸ್‌ವೆಲ್ಟ್ ಒಪ್ಪಲಿಲ್ಲ. 1924ರಲ್ಲಿ ಸಮಾಜವಾದಿ ಲೇಖಕ ಅಪ್ಟನ್ ಸಿಂಕ್ಲೇರ್ ನೆರವಿನಿಂದ 'ದಿ ಪೀಪಲ್ಸ್ ಕಾರ್ಪೊರೇಷನ್' ಎಂಬ ಇನ್ನೊಂದು ಪುಸ್ತಕ ತಂದ. ಬ್ಲೇಡಿನ ರಾಜ ಎಂದು ಲೋಕ ಕೊಂಡಾಡುತ್ತಿದ್ದಾಗ, ಬ್ಲೇಡಿಗಿಂತ ದೊಡ್ಡದು ನನ್ನ ಈ ಯೋಜನೆ ಎಂದೇ ಆತ ನಂಬಿದ್ದ. ಯಾರೂ ಕೊಳ್ಳದ ಸರಕನ್ನು ಆತ ಕೊನೆಯವರೆಗೂ ಮಾರುತ್ತಲೇ ಇದ್ದ.

ಈ ನಡುವೆ ಯುದ್ಧವೊಂದು ಬ್ಲೇಡಿನ ಹಣೆಬರಹ ಬದಲಿಸಿತ್ತು. ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಸೈನಿಕರಿಗೆಲ್ಲ ರೇಜರ್ ಕೊಡಲು ಸರ್ಕಾರ ನಿರ್ಧರಿಸಿತು. ಮುಖ ನುಣ್ಣಗಿದ್ದರೆ ವಿಷಾನಿಲದ ಮುಖವಾಡ ಸರಿಯಾಗಿ ಕೂರುತ್ತಿತ್ತು. ಕಂದಕದಲ್ಲಿ ಕತ್ತಿ ಮಸೆಯುತ್ತ ಕೂರಲು ಯಾರಿಗೂ ಬಿಡುವಿರಲಿಲ್ಲ. ಜಿಲೆಟ್ ಕಂಪನಿ ಒದಗಿಸಿದ್ದು ಸುಮಾರು 35 ಲಕ್ಷ ರೇಜರ್, 3 ಕೋಟಿಗೂ ಹೆಚ್ಚು ಬ್ಲೇಡ್. ಯುದ್ಧ ಮುಗಿಸಿ ಮನೆಗೆ ಬಂದ ಹುಡುಗರು ರೇಜರನ್ನೂ, ದಿನವೂ ಮನೆಯಲ್ಲೇ ಗಡ್ಡ ತೆಗೆಯುವ ಅಭ್ಯಾಸವನ್ನೂ ಜೊತೆಗೆ ತಂದರು.

ಕೊನೆಯ ಲೆಕ್ಕ

ಇಷ್ಟು ಎತ್ತರಕ್ಕೆ ಏರಿದವನ ಕೊನೆ ಸುಖವಾಗಿರಬೇಕಲ್ಲ? ಇರಲಿಲ್ಲ. ಜಿಲೆಟ್ ಕ್ಯಾಲಿಫೋರ್ನಿಯಾಕ್ಕೆ ಹೋಗಿ ನೆಲೆಸಿ, ಜಮೀನಿನ ಮೇಲೆ ಅಪಾರ ಹಣ ಹಾಕಿದ. 1929ರಲ್ಲಿ ಷೇರುಪೇಟೆ ಕುಸಿಯಿತು. ಅದರ ಬೆನ್ನಿಗೇ ಹೊಸ ಬಗೆಯ ಬ್ಲೇಡಿನ ಹಕ್ಕಿನ ವಿಷಯದಲ್ಲಿ ಹೆನ್ರಿ ಗೈಸ್‌ಮನ್ ಎಂಬ ಸಂಶೋಧಕನ ಆಟೊಸ್ಟ್ರಾಪ್ ಕಂಪನಿಯೊಂದಿಗೆ ಜಗಳ ಶುರುವಾಯಿತು. 1930ರಲ್ಲಿ ಎರಡೂ ಕಂಪನಿಗಳು ವಿಲೀನವಾದವು. ಆ ಹೊತ್ತಿಗೆ ಲೆಕ್ಕಪತ್ರ ಬಿಚ್ಚಿ ನೋಡಿದರೆ, ಜಿಲೆಟ್ ಕಂಪನಿಯನ್ನು ನಡೆಸುತ್ತಿದ್ದವರು ಹಿಂದಿನ ಐದು ವರ್ಷಗಳ ಲಾಭವನ್ನು ಉಬ್ಬಿಸಿ ತೋರಿಸಿದ್ದು ಬಯಲಾಯಿತು. ಷೇರು ಬೆಲೆ ಪಾತಾಳಕ್ಕಿಳಿಯಿತು. ಕಂಪನಿಯ ಹಿಡಿತ ಗೈಸ್‌ಮನ್ ಕಡೆಗೆ ಹೋಯಿತು. ಇಂದು ನಾವು ಕೊಳ್ಳುವ ಬ್ಲೇಡಿನ ನಡುವಿನ ಉದ್ದನೆಯ ಸೀಳು ಆ ಜಗಳದ ಕಾಲದ್ದೇ.

1931ರಲ್ಲಿ ಜಿಲೆಟ್ ಹೆಸರಿಗಷ್ಟೇ ಇದ್ದ ಅಧ್ಯಕ್ಷ ಪದವಿಯನ್ನೂ ಬಿಟ್ಟ. 1932ರ ಜುಲೈ 9ರಂದು, 77ನೇ ವಯಸ್ಸಿನಲ್ಲಿ, ಲಾಸ್ ಏಂಜಲೀಸ್ ಪ್ರದೇಶದಲ್ಲಿ ತೀರಿಕೊಂಡ. ಆಸ್ತಿಯ ಬಹುಪಾಲು ಅಷ್ಟರಲ್ಲಿ ಕರಗಿತ್ತು. ಕೋಟಿ ಕೋಟಿ ಬ್ಲೇಡುಗಳ ಮೇಲೆ ಮುಖ ಅಚ್ಚಾಗಿದ್ದ ಮನುಷ್ಯ ಹೆಚ್ಚುಕಡಿಮೆ ದಿವಾಳಿಯಾಗಿದ್ದ. ಕಂಪನಿ ಮಾತ್ರ ಬದುಕಿತು, ಬೆಳೆಯಿತು. 2005ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಅದನ್ನು ಕೊಂಡದ್ದು ಸುಮಾರು 5,700 ಕೋಟಿ ಡಾಲರ್ ಬೆಲೆಗೆ.

ಈ ಬದುಕಿನಿಂದ ಏನು ತೆಗೆದುಕೊಳ್ಳಬೇಕು? 40ಕ್ಕೆ ಐಡಿಯಾ, 48ಕ್ಕೆ ಮೊದಲ ಮಾರಾಟ ಎಂಬುದು ಕ್ಯಾಂಪಸ್ ಪ್ಲೇಸ್‌ಮೆಂಟ್ ತಪ್ಪಿತೆಂದು 21ಕ್ಕೇ ಬದುಕು ಮುಗಿಯಿತು ಎಂದುಕೊಳ್ಳುವವರಿಗೆ ಸಮಾಧಾನ ಕೊಡುತ್ತದೆ, ನಿಜ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಕಥೆ ಹೇಳಿದಂತೆ. ಜಿಲೆಟ್‌ನ ಛಲ ಇಲ್ಲದಿದ್ದರೆ ಬ್ಲೇಡ್ ಇಲ್ಲ, ಒಪ್ಪೋಣ. ನಿಕರ್ಸನ್‌ನ ಯಂತ್ರ, ಜಾಯ್ಸ್‌ನ ದುಡ್ಡು ಇಲ್ಲದಿದ್ದರೂ ಇಲ್ಲ. ಐಡಿಯಾ ಕೊಟ್ಟವನು, ಅದನ್ನು ಆಗುಮಾಡಿದವನು, ಅದರ ಲಾಭ ಉಂಡವನು ಮೂವರೂ ಬೇರೆ ಬೇರೆ ಆಗಿರಬಹುದು. ನಾವು ಕೆಲಸಕ್ಕೆ ಸೇರುವಾಗ, ಪಾಲುದಾರಿಕೆಗೆ ಸಹಿ ಹಾಕುವಾಗ ನೆನಪಿಡಬೇಕಾದ ಮಾತಿದು.

ಇನ್ನೊಂದು ಯೋಚನೆಯೂ ಬರುತ್ತದೆ. ಬಳಸಿ ಬಿಸಾಡುವ ಅಭ್ಯಾಸವನ್ನು ದಿನನಿತ್ಯದ ಬದುಕಿಗೆ ತಂದವರಲ್ಲಿ ಜಿಲೆಟ್ ಪ್ರಮುಖ. ಆದರೆ ಆತ ಬಿಸಾಡಲು ಹೇಳಿದ್ದು ಕೆಲವೇ ಮಿಲಿಗ್ರಾಂ ಅಲ್ಲದಿದ್ದರೂ ಒಂದು ಗ್ರಾಂ ಸುತ್ತಮುತ್ತಲಿನ ಬರಿಯ ಉಕ್ಕನ್ನು. ಹಿಡಿಕೆ ಲೋಹದ್ದು, ಅಜ್ಜನಿಂದ ಮೊಮ್ಮಗನವರೆಗೆ ಬಾಳುವಂಥದ್ದು. ಇಂದು ನಾವು ಬಿಸಾಡುವುದು ಪ್ಲಾಸ್ಟಿಕ್ಕು, ರಬ್ಬರು, ನಾಲ್ಕೈದು ಅಲಗುಗಳನ್ನು ಅಂಟಿಸಿದ ಕಾರ್ಟ್ರಿಡ್ಜ್‌ಗಳನ್ನು. ಅವನ್ನು ಬಿಡಿಸಿ ಮರುಬಳಕೆ ಮಾಡುವುದು ಕಷ್ಟ, ಬೆಲೆಯೂ ವಿದ್ಯಾರ್ಥಿಗಳ ಜೇಬಿಗೆ ಭಾರ. ನಮ್ಮ ಹಾಸ್ಟೆಲಿನಲ್ಲಿ ಕೆಲವರು ಈಗ ಮತ್ತೆ ಬ್ರಶ್, ಸೋಪು, ತಿರುಗಿಸುವ ಹಿಡಿಕೆಯ ಸೇಫ್ಟಿ ರೇಜರ್‌ಗೆ ಮರಳಿದ್ದಾರೆ. ಬೆಳಗ್ಗೆ ಐದು ನಿಮಿಷ ಹೆಚ್ಚು ಬೇಕು, ಕೈಗೆ ಸ್ವಲ್ಪ ತಾಳ್ಮೆ ಬೇಕು, ಅಷ್ಟೇ. ಹಳೆಯ ಬ್ಲೇಡುಗಳನ್ನು ಕಸಕ್ಕೆ ಎಸೆದು ಪೌರಕಾರ್ಮಿಕರ ಕೈ ಕೊಯ್ಯದಂತೆ ಒಂದು ಡಬ್ಬಿಯಲ್ಲಿ ಕೂಡಿಡುತ್ತಾರೆ.

ಜಿಲೆಟ್ ಬಯಸಿದ ಮೆಟ್ರೊಪೊಲಿಸ್ ಎಲ್ಲೂ ಎದ್ದು ನಿಲ್ಲಲಿಲ್ಲ. ಶ್ರೀಮಂತ, ಬಡವ ಎಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ ಬಗೆಯ ಬದುಕು ಎಂಬ ಆತನ ಆಸೆ ಪುಸ್ತಕದಲ್ಲೇ ಉಳಿಯಿತು. ಆದರೆ ಕ್ಷೌರಕ್ಕೆ ಕುಳಿತಾಗ ಹಳ್ಳಿಯ ಸಲೂನ್‌ನಲ್ಲೂ, ನಗರದ ಬಂಗಲೆಯಲ್ಲೂ ಕೆನ್ನೆಯ ಮೇಲೆ ಓಡುವುದು ಅದೇ ಅಳತೆಯ, ಅದೇ ಎರಡು ಅಂಚಿನ ತಗಡು. ಆತನ ಕನಸಿನಲ್ಲಿ ಇಷ್ಟಾದರೂ ನಿಜವಾಯಿತಲ್ಲ.